ಗಂಟೆ ಎಷ್ಟಾಗಿತ್ತು?

"ಈ ಸ್ಯಾಂಪಲ್ ತೆಗೆದಾಗ ಗಂಟೆ ಎಷ್ಟಾಗಿತ್ತು?"

ನನ್ನ ಅಸೈನ್‌ಮೆಂಟ್‌ನ ಗ್ರಾಫ್ ಪಕ್ಕದಲ್ಲಿ ಮೇಷ್ಟ್ರು ಬರೆದಿದ್ದು ಇಷ್ಟೇ. ಮಾರ್ಕ್ಸ್ ಇನ್ನೂ ಹಾಕಿರಲಿಲ್ಲ. ಆಗ ರಾತ್ರಿ ಹನ್ನೊಂದೂವರೆ. ಹಗಲಿಡೀ ಹೊಳೆ ಮತ್ತು ಲ್ಯಾಬ್ ನಡುವೆ ಓಡಾಡಿ ಬಂದಿದ್ದೆ. ಮಲಗುವ ಮುಂಚೆ ಸುಮ್ನೆ ಒಮ್ಮೆ ನೋಡೋಣ ಅಂತ ಲ್ಯಾಪ್‌ಟಾಪ್ ತೆರೆದಿದ್ದೆ. ಆ ಒಂದು ಸಾಲು ನಿದ್ದೆ ಕೆಡಿಸಿತು.

ನೀರಿನ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿ ಏಳು ವರ್ಷ ಆದಮೇಲೆ ನಾನು ಆನ್‌ಲೈನ್‌ನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಸೇರಿದ್ದೆ. ಕೆಲಸ ಬಿಟ್ಟು ಓದುವ ಸ್ಥಿತಿ ಇರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ಲ್ಯಾಬ್ ಇಲ್ಲದೆ, ಫೀಲ್ಡ್ ಇಲ್ಲದೆ ಇದನ್ನು ಹೇಗೆ ಕಲಿಯುತ್ತೀರಿ ಅಂತ ಕೆಲವರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಕೈಯಲ್ಲಿ ಒಂದು ಬಾಟಲಿ ನೀರೂ ಹಿಡಿದಿರದವರು ಬರೀ ಪರದೆ ನೋಡಿ ಇದನ್ನು ಕಲಿಯುವುದು ಕಷ್ಟ ಅಂತ ನನಗೆ ಈಗಲೂ ಅನ್ನಿಸುತ್ತದೆ. ನನಗೆ ಮಾತ್ರ ಹೊಳೆಯೇ ಲ್ಯಾಬ್ ಆಗಿತ್ತು. ಹಳೆಯ ರೀಡಿಂಗ್‌ಗಳನ್ನು ಓದಿಗೆ ಬಳಸಲು ಆಫೀಸಿನಿಂದ ಬರಹದಲ್ಲಿ ಅನುಮತಿಯನ್ನೂ ತೆಗೆದುಕೊಂಡಿದ್ದೆ. (ಕೆಲಸ ಮಾಡುತ್ತ ಓದುವವರು ಇದನ್ನು ಮೊದಲ ದಿನವೇ ಮಾಡಿಬಿಡಿ. ಆ ಅಂಕಿಗಳು ನಮ್ಮ ಸ್ವಂತದ್ದಲ್ಲ.)

ಆ ವಾರದ ಪಾಠ ಸ್ಟ್ರೀಟರ್-ಫೆಲ್ಪ್ಸ್ ಸಮೀಕರಣ. ಒಹಾಯೊ ನದಿಯ ಅಧ್ಯಯನದಿಂದ 1925ರಲ್ಲಿ ಬಂದದ್ದು. ಕೊಳಚೆ ಹೊಳೆಗೆ ಸೇರುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ, ಹಾಗಾಗಿ ಅದು ಇಳಿಯುತ್ತದೆ. ಇನ್ನಷ್ಟು ಕೆಳಗೆ ಹರಿಯುತ್ತ ಗಾಳಿಯಿಂದ ಆಮ್ಲಜನಕ ಸೇರಿ ಮತ್ತೆ ಏರುತ್ತದೆ. ಗ್ರಾಫ್ ಬರೆದರೆ ಎರಡು ಕಂಬಗಳ ನಡುವೆ ಜೋತುಬಿದ್ದ ಹಗ್ಗದ ಹಾಗೆ ಕಾಣುತ್ತದೆ.

ನನ್ನ ಹಗ್ಗ ಜೋತು ಬೀಳಲೇ ಇಲ್ಲ. ಕೊಳಚೆ ಸೇರುವ ಜಾಗದಿಂದ ಕೆಳಗಿರುವ ಮೂರನೇ ಸ್ಯಾಂಪಲ್ ಜಾಗದಲ್ಲಿ ಲೆಕ್ಕದ ಪ್ರಕಾರ ಲೀಟರಿಗೆ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಬರಬೇಕು. ನಮ್ಮ ಮೀಟರ್ ಯಾವಾಗಲೂ 8ರ ಮೇಲೆ ತೋರಿಸಿತ್ತು. ಎರಡು ರಾತ್ರಿ ಸ್ಪ್ರೆಡ್‌ಶೀಟ್‌ನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಕೊನೆಗೆ ಗಾಳಿಯಿಂದ ಆಮ್ಲಜನಕ ಸೇರುವ ದರವನ್ನು ಏರಿಸಿ ಲೆಕ್ಕ ಹೊಂದಿಸಿ ಕಳಿಸಿದೆ. ಹಾಗೆ ಹೊಂದಿಸಿದ್ದೇನೆ ಅಂತ ಕೆಳಗೆ ಬರೆದೂ ಇದ್ದೆ. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಆ ರಾತ್ರಿ ನನ್ನ ಹಳೆಯ ಫೀಲ್ಡ್ ನೋಟ್‌ಬುಕ್‌ಗಳನ್ನೆಲ್ಲ ಹರವಿಕೊಂಡು ಕೂತೆ. ಮೂರನೇ ಜಾಗ: 10.50. 11.15. 11.05. 11.30. ಏಳು ವರ್ಷ ಹೀಗೇ. ಬೆಳಗ್ಗೆ ಹೊರಟರೆ ಅಲ್ಲಿಗೆ ಮುಟ್ಟುವುದೇ ಅಷ್ಟೊತ್ತಿಗೆ. ಬಿಓಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಬಾಟಲಿಗಳನ್ನು ಐದು ದಿನ 20 ಡಿಗ್ರಿಯಲ್ಲಿ ಇಡಬೇಕಲ್ಲ, ಅದಕ್ಕೆ ಅವತ್ತೇ ಲ್ಯಾಬಿಗೆ ವಾಪಸ್ ಬರಲೂಬೇಕು. ಯಾರ ತಪ್ಪೂ ಅಲ್ಲ. ಕೆಲಸ ಸಾಗುವ ದಾರಿ ಹಾಗಿತ್ತು.

ಆ ಜಾಗ ಕಣ್ಣಿಗೆ ಕಟ್ಟಿತು. ಅಗಲವಾದ, ಮೊಣಕಾಲಷ್ಟೇ ಆಳದ ನೀರು. ಮೇಲೆ ಮರದ ನೆರಳಿಲ್ಲ. ಕಲ್ಲುಗಳ ತುಂಬ ಹಸಿರು ಪಾಚಿ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಮಾಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ ಅಷ್ಟೇ, ಮಾಡುವುದಿಲ್ಲ. 1925ರ ಸಮೀಕರಣದ ಮೂಲ ರೂಪದಲ್ಲಿ ಪಾಚಿಗೆ ಜಾಗವೇ ಇಲ್ಲ. ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ 1956ರಲ್ಲಿ ಹಗಲು ರಾತ್ರಿಯ ಈ ಏರಿಳಿತವನ್ನೇ ಹಿಡಿದು ಹೊಳೆ ಎಷ್ಟು ಉಸಿರಾಡುತ್ತದೆ, ಎಷ್ಟು ಆಹಾರ ಮಾಡಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ದಾರಿ ತೋರಿಸಿದರು. ಅದೂ ನಮ್ಮ ಪಾಠದಲ್ಲೇ ಇತ್ತು. ಮೂರು ವಾರ ಹಿಂದೆ ರೆಕಾರ್ಡಿಂಗನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಮುಗಿಸಿದ್ದೆ. ನೋಟ್ಸ್ ಕೂಡ ಮಾಡಿದ್ದೆ. ಅದು ನಾನು ದಿನಾ ನಿಲ್ಲುವ ಹೊಳೆಯ ಮಾತು ಅಂತ ಮಾತ್ರ ಹೊಳೆದಿರಲಿಲ್ಲ.

ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ. ಹಾಗಾದರೆ ಆಗಲೇ ಹೋಗಬೇಕು.

ಮುಂದಿನ ವಾರ ಹೋದೆವು. ಕತ್ತಲಲ್ಲಿ ನೀರಿನ ಹತ್ತಿರ ಒಬ್ಬರೇ ಹೋಗುವ ಹಾಗಿಲ್ಲ, ಅದಕ್ಕೆ ಜೊತೆಗೆ ನಮ್ಮ ಲ್ಯಾಬಿನ ಹಿರಿಯರೊಬ್ಬರು ಬಂದರು. ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡು, ಟಾರ್ಚ್ ಹಿಡಿದು ಇಳಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಪ್ರೋಬ್ ಇಳಿಸಿದೆ. ಅಂಕಿ ಇಳಿಯುತ್ತ ಹೋಯಿತು. 6. 4.5. 3.6. 3.2ರಲ್ಲಿ ನಿಂತಿತು.

"ಮೀಟರ್ ಸರಿ ಇದೆ ತಾನೇ?" ಅಂದರು.

ನನಗೂ ಅದೇ ಅನುಮಾನ. ಅದಕ್ಕೇ ಮೀಟರ್ ಇಲ್ಲದೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದ ಬಾಟಲಿಗಳನ್ನೂ ತಂದಿದ್ದೆ. ಗಾಳಿಗುಳ್ಳೆ ಸೇರದ ಹಾಗೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೊಡೈಡ್ ದ್ರಾವಣ ಹಾಕಿ ಮುಚ್ಚಿ ತಿರುಗಿಸಿದೆ. ಆಮ್ಲಜನಕ ಚೆನ್ನಾಗಿದ್ದರೆ ಗಾಢ ಕಂದು ಗಸಿ ಕಟ್ಟುತ್ತದೆ. ಸ್ವಲ್ಪವೂ ಇಲ್ಲದಿದ್ದರೆ ಬಿಳಿ. ಏಳು ವರ್ಷದಿಂದ ಆ ಜಾಗದ ನೀರು ಅಂದರೆ ಗಾಢ ಕಂದು. ಅವತ್ತು ಟಾರ್ಚ್ ಬೆಳಕಿನಲ್ಲಿ ತೆಳು ಕಂದು ಮೋಡದಂತೆ ಏನೋ ಮೆಲ್ಲಗೆ ಕೆಳಗಿಳಿಯಿತು. ಹಿರಿಯರು ಬಾಟಲಿಯನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. ಇಬ್ಬರೂ ಮಾತಾಡಲಿಲ್ಲ. ಈ ಜಾಗದಲ್ಲಿ ಮೀನು ಯಾಕೆ ಕಡಿಮೆ ಅಂತ ನಾವಿಬ್ಬರೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ನಮ್ಮ ರಿಪೋರ್ಟ್‌ಗಳಲ್ಲಿ ನೀರು ಯಾವಾಗಲೂ ಚೆನ್ನಾಗಿಯೇ ಇತ್ತು.

ಏಳಕ್ಕೆ ಲೈವ್ ಕ್ಲಾಸ್. ಜೀಪಿನಲ್ಲೇ ಕೂತು ಫೋನಿನಿಂದ ಸೇರಿದೆ. ಸಿಗ್ನಲ್ ಎರಡು ಸಲ ಹೋಯಿತು. ಮೇಷ್ಟ್ರಿಗೆ ಅಂಕಿ ಹೇಳಿದೆ. ಅವರು ಅದಕ್ಕೆ ಏನೂ ಹೇಳದೆ, "ನಿಮ್ಮಲ್ಲಿ ಇನ್ನು ಯಾರು ಒಂದೇ ಹೊತ್ತಿಗೆ ಅಳೆಯುತ್ತೀರಿ?" ಅಂತ ಕ್ಲಾಸಿಗೆಲ್ಲ ಕೇಳಿದರು. ಕಸ ತುಂಬುವ ಜಾಗದಲ್ಲಿ ಮೀಥೇನ್ ಅಳೆಯುವ ಸಹಪಾಠಿ ಮೈಕ್ ಆನ್ ಮಾಡಿದಳು. ಗಾಳಿಯ ಒತ್ತಡ ಇಳಿದಾಗ ಕಸದ ಒಡಲಿನಿಂದ ಅನಿಲ ಜಾಸ್ತಿ ಹೊರಬರುತ್ತದೆ, ನಾವು ಅಳೆದ ದಿನದ ಒತ್ತಡವನ್ನು ಬರೆದಿಟ್ಟುಕೊಂಡೇ ಇಲ್ಲ ಅಂದಳು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಎರಡು ವರ್ಷದ ಕೋರ್ಸಿನಲ್ಲಿ ನನಗೆ ಅಷ್ಟು ಚೆನ್ನಾಗಿ ನೆನಪಿರುವ ಕ್ಲಾಸ್ ಇನ್ನೊಂದಿಲ್ಲ. ಕೂತಿದ್ದವರೆಲ್ಲ ಕೆಲಸದ ನಡುವೆಯೇ ಓದುವವರು. ಪ್ರತಿಯೊಬ್ಬರ ಹತ್ತಿರವೂ ಒಂದು ನೋಟ್‌ಬುಕ್ ಇತ್ತು.

ಲ್ಯಾಬಿಗೆ ಬಂದು ಟೈಟ್ರೇಶನ್ ಮಾಡಿದೆ, ಅಂದರೆ ಬಣ್ಣ ಹೋಗುವವರೆಗೆ ಥಯೋಸಲ್ಫೇಟ್ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಳೆದೆ. ನಮ್ಮ ವಿಧಾನದಲ್ಲಿ ಬ್ಯೂರೆಟ್ಟಿನಿಂದ ಇಳಿದ ಪ್ರತಿ ಮಿಲಿಲೀಟರ್ ಥಯೋಸಲ್ಫೇಟ್ ಅಂದರೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಸ್ಟಾರ್ಚ್‌ನ ನೀಲಿ 3.1ಕ್ಕೇ ಮಾಯವಾಯಿತು. ಎರಡನೇ ಬಾಟಲಿಯೂ 3.1.

ಪಕ್ಕದಲ್ಲಿ ನಿಂತಿದ್ದ ಹಿರಿಯರು ಕೇಳಿದರು, "ಹಾಗಾದರೆ ಮಧ್ಯಾಹ್ನ?"

ಮತ್ತೆ ಜೀಪ್ ಹತ್ತಿದೆವು. ಬೆಳಗಿನ ಜಾವ ನಿಂತಿದ್ದ ಅದೇ ಕಲ್ಲಿನ ಮೇಲೆ ನಿಂತು ಪ್ರೋಬ್ ಇಳಿಸಿದೆ. 10.6. ನೀರಿನೊಳಗೆ ಪಾಚಿಯ ಎಳೆಗಳಿಗೆ ಅಂಟಿದ್ದ ಸಣ್ಣ ಸಣ್ಣ ಗುಳ್ಳೆಗಳು ಬಿಡಿಸಿಕೊಂಡು ಮೇಲೇಳುತ್ತಿದ್ದವು. ಅವರು ಬಗ್ಗಿ ನೋಡುತ್ತ ನಿಂತರು. ನಾನು ಮೊದಲು ಗಂಟೆ ಬರೆದುಕೊಂಡೆ. 3.10.