ಕುಣಿಗಲ್ ದಾಟಿದ ಮೇಲೆ

ಆಗಸ್ಟ್ 18, 2025, ಸೋಮವಾರ, ರಾತ್ರಿ 8 ಗಂಟೆ

ಇಂದು ಬೆಳಗಿನ ಜಾವ 4 ಗಂಟೆಗೆ ಇನ್ನು ಐದು ನಿಮಿಷವಿರುವಾಗ, ಬೆಂಗಳೂರಿನಿಂದ ಹಿಂದಿರುಗುತ್ತಿದ್ದ ನಮ್ಮ ಬಸ್ಸು ಕುಣಿಗಲ್ ದಾಟಿ ಯಡಿಯೂರಿನ ಕಡೆಗೆ ಬರುತ್ತಿತ್ತು. ಎಡಗಡೆಯ ಚಕ್ರಗಳು ಬಿಳಿ ಗೆರೆಯನ್ನು ದಾಟಿ ಮಣ್ಣಿನ ಅಂಚಿಗೆ ಇಳಿದವು. ಜಲ್ಲಿ ತಳಕ್ಕೆ ಬಡಿದ ಸದ್ದಿಗೆ ಕಂಡಕ್ಟರನಾದ ನಾನು ಟಿಕೆಟ್ ಲೆಕ್ಕದಿಂದ ತಲೆಯೆತ್ತಿ “ಅಣ್ಣಾ!” ಎಂದು ಕೂಗಿದೆ. ನಾನು ಅಣ್ಣ ಎಂದೇ ಕರೆಯುವ ಚಾಲಕರು ಸ್ಟೇರಿಂಗನ್ನು ನಿಧಾನವಾಗಿ ಬಲಕ್ಕೆ ತಂದರು. ಬೆಚ್ಚಿಬಿದ್ದು ಒಮ್ಮೆಲೇ ತಿರುಗಿಸದೆ ಉಳಿದದ್ದು 24 ವರ್ಷ ಗಾಡಿ ಓಡಿಸಿದ ಕೈಯ ಪುಣ್ಯ. ಹಿಂದೆ ಮಲಗಿದ್ದ 11 ಪ್ರಯಾಣಿಕರಲ್ಲಿ ಒಬ್ಬರೂ ಏಳಲಿಲ್ಲ.

ಯಡಿಯೂರಿನಲ್ಲಿ ಗಾಡಿ ನಿಲ್ಲಿಸಿ, ಅಣ್ಣ ಬಾಟಲಿಯ ನೀರನ್ನೆಲ್ಲ ಮುಖಕ್ಕೂ ಕತ್ತಿನ ಹಿಂಭಾಗಕ್ಕೂ ಸುರಿದುಕೊಂಡರು. ದೇವಸ್ಥಾನದ ಕಡೆ ತಿರುಗಿ ಸಿದ್ಧಲಿಂಗೇಶ್ವರನಿಗೆ ಕೈಮುಗಿದರು. ಟೀ ಲೋಟವನ್ನು ಹಿಡಿದಾಗ ಅವರ ಬೆರಳುಗಳು ನಡುಗುತ್ತಿದ್ದವು. ಲೋಟದ ಅಂಚಿನಿಂದ ಟೀ ಎರಡು ಸಲ ಅಂಗಿಯ ಮೇಲೆ ಚೆಲ್ಲಿತು.

“ನಿದ್ದೆ ಬಂತೇನಣ್ಣ?” ಎಂದೆ.

“ಬಂತು ಅಂತ ಗೊತ್ತೇ ಆಗ್ಲಿಲ್ಲ ಕಣಪ್ಪ. ಕಣ್ಣು ಬಿಟ್ಕೊಂಡೇ ಇದ್ದೆ, ರಸ್ತೆನೂ ಕಾಣ್ತಿತ್ತು. ಮಧ್ಯದಲ್ಲಿ ಒಂದಿಷ್ಟು ಮಾತ್ರ ಇಲ್ಲ.”

“ನಿನ್ನೆ ಹಗಲು ಮಲಗಲಿಲ್ವಾ?”

“ಯಾಕೆ ಮಲಗ್ಲಿ? ಡ್ಯೂಟಿ ಚಾರ್ಟಲ್ಲಿ ವಾರದ ರಜೆ ಅಂತ ಇತ್ತಲ್ಲ. ಐದಕ್ಕೇ ಎದ್ದು ಊರಿಗೆ ಹೋಗಿ ರಾಗಿ ಹೊಲಕ್ಕೆ ಕುಂಟೆ ಹೊಡಿಸ್ತಿದ್ದೆ. ಸಾಯಂಕಾಲ ನಾಲ್ಕು ಗಂಟೇಲಿ ಫೋನ್ ಬಂತು, ರಾತ್ರಿ ಸ್ಪೆಷಲ್ ಗಾಡಿಗೆ ಬಾ ಅಂತ. ಮೊದಲೇ ಹೇಳಿದ್ರೆ ಕುಂಟೆ ಬಿಟ್ಟು ಮಲಗ್ತಿದ್ದೆ. ರಾತ್ರಿ ಗಾಡಿ ನಂಗೆ ಹೊಸದಾ? ಗೊತ್ತಿಲ್ದೆ ಬರೋ ರಾತ್ರಿ ಕಣಪ್ಪ ಕಷ್ಟ. ಯಾವಾಗ ಮಲಗ್ಬೇಕು ಅಂತ ಮೈಗೇ ತಿಳಿಯಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳನ್ನು ನೋಡಲು ಬರುತ್ತೇವೆಂದು ಗಂಡಿನ ಕಡೆಯವರು ಎರಡು ಸಲ ದಿನ ಕೇಳಿದ್ದನ್ನೂ, ಎರಡು ಸಲವೂ ತಾವು ದಿನ ಹೇಳಲಾಗದೆ ಹೋದದ್ದನ್ನೂ ತಿಳಿಸಿದರು. “ಮೂರನೇ ಸಲ ಕೇಳ್ತಾರಾ?” ಎಂದರು. ನಾನು ಉತ್ತರಿಸಲಿಲ್ಲ. ಅಲ್ಲಿಂದ ಚನ್ನರಾಯಪಟ್ಟಣದವರೆಗೆ ಇಂಜಿನ್ನಿನ ಪಕ್ಕದಲ್ಲಿ ನಿಂತುಕೊಂಡೇ, ರಾಗಿಯ ಬೆಲೆ, ನನ್ನ ಮಗನ ಕೆಮ್ಮು, ತೀರಿಹೋದ ನನ್ನ ಅಪ್ಪನ ಹಳೆಯ ಎತ್ತಿನ ಜೋಡಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಮಾತನಾಡುತ್ತ ಬಂದೆ.

ಮನೆಗೆ ಬಂದು ಮಲಗಿದರೂ ಈ ಲೆಕ್ಕ ತಲೆಯಿಂದ ಇಳಿಯಲಿಲ್ಲ. ಈ 2025ರ ಆಗಸ್ಟಿನಲ್ಲಿ ಜಾರಿಯಲ್ಲಿರುವ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಆರಂಭವಾಗುವುದರ ನಡುವೆ ಸತತ 9 ಗಂಟೆಗಳ ಬಿಡುವು ಇರಲೇಬೇಕು. ಅಣ್ಣ ಶನಿವಾರ ರಾತ್ರಿ 9:30ಕ್ಕೆ ಗಾಡಿ ಒಪ್ಪಿಸಿದ್ದರು, ಭಾನುವಾರ ರಾತ್ರಿ 10:30ಕ್ಕೆ ನಾವು ಹೊರಟೆವು. ಕಾಗದದ ಮೇಲೆ 25 ಗಂಟೆಗಳ ವಿಶ್ರಾಂತಿ. ಹೋದ ರಜೆಗೆ ಬದಲಿ ರಜೆಯನ್ನೂ ಬರೆಯುತ್ತಾರೆ. ಆದರೆ ಚಕ್ರ ಮಣ್ಣಿಗೆ ಇಳಿದ ಹೊತ್ತಿಗೆ ಆ ಮನುಷ್ಯ ಎದ್ದು 23 ಗಂಟೆಯಾಗಿತ್ತು ಎಂಬುದು ಯಾವ ಕಾಗದದಲ್ಲಿಯೂ ಇಲ್ಲ.

ಹದಿನೇಳು ಗಂಟೆ ಎಚ್ಚರವಾಗಿದ್ದವರ ಕೈ ಮತ್ತು ಕಣ್ಣಿನ ಚುರುಕು, ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗಿರುತ್ತದೆ ಎಂದು 1997ರಲ್ಲಿಯೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ಮೀರಿದರೆ ಗಾಡಿ ಓಡಿಸುವುದು ಅಪರಾಧ. ಹೊರಡುವ ಮುನ್ನ ಅಣ್ಣನ ಬಾಯಿಗೆ ಯಂತ್ರವಿಟ್ಟು ಊದಿಸಿ, ಸೊನ್ನೆ ಬಂದದ್ದನ್ನು ನೋಡಿ ಗೇಟು ತೆಗೆದರು. ನಿನ್ನೆ ಎಷ್ಟು ಹೊತ್ತಿಗೆ ಎದ್ದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಕಳೆದರೆ ಬಸ್ಸು ಸುಮಾರು 89 ಮೀಟರ್ ಮುಂದೆ ಹೋಗಿರುತ್ತದೆ. ಅವರ ಆ “ಒಂದಿಷ್ಟು” ಎಷ್ಟು ಸೆಕೆಂಡು ಇದ್ದೀತು?

ಚಾರ್ಟ್ ಬರೆಯುವವರನ್ನು ದೂರಲು ನನಗೆ ಮನಸ್ಸಿಲ್ಲ. ಜನ ಕಡಿಮೆ, ಗಾಡಿ ಹೊರಡಿಸಲೇಬೇಕು, ಅವರ ತಲೆಯ ಮೇಲೂ ಒತ್ತಡವಿದೆ. ಆದರೆ ಸ್ವಾತಂತ್ರ್ಯ ದಿನ ಶುಕ್ರವಾರ ಬೀಳುತ್ತದೆ, ಮೂರು ದಿನ ರಜೆ ಸಿಗುತ್ತದೆ, ಭಾನುವಾರ ರಾತ್ರಿ ಬೆಂಗಳೂರಿಗೆ ಹಿಂದಿರುಗುವವರ ನೂಕುನುಗ್ಗಲು ಇರುತ್ತದೆ ಎಂಬುದು ಜನವರಿಯಲ್ಲಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿಯೇ ಇತ್ತಲ್ಲ. ಬುಧವಾರವೇ ಒಂದು ಮಾತು ಹೇಳಿದ್ದರೆ ಅಣ್ಣ ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿರುತ್ತಿದ್ದರು. ರಾತ್ರಿ ಪಾಳಿಗೆ ಹೋಗುವಾಗ ಅವರು ಯಾವಾಗಲೂ ಹಾಗೆಯೇ ಮಲಗುವುದು.

ಬೆಳಿಗ್ಗೆ ಲಾಗ್ ಶೀಟಿನಲ್ಲಿ ಕಿಲೋಮೀಟರ್ ಬರೆದೆವು, ಡೀಸೆಲ್ ಬರೆದೆವು, ವಸೂಲಿ ಬರೆದೆವು. ಗಾಡಿಗೆ ಒಂದು ಗೀರೂ ಆಗಿರಲಿಲ್ಲವಾದ್ದರಿಂದ ಬೇರೇನೂ ಬರೆಯುವ ಅಗತ್ಯ ಬೀಳಲಿಲ್ಲ. “ಹೆಸರು ಹಾಕ್ಬೇಡ, ಬೇಕಾದ್ರೆ ನಿನ್ನ ದಿನಚರೀಲಿ ಬರ್ಕೋ” ಎಂದು ಅಣ್ಣ ಅನುಮತಿ ಕೊಟ್ಟಿದ್ದಾರೆ. ಮೇಲಿನವರಿಗೆ ಬರೆದು ಕೊಡಬೇಕೆಂದು ಸಂಜೆ ಕಾಗದ ತೆಗೆದುಕೊಂಡು ಕುಳಿತೆ. ಚಾಲಕರು ತೂಕಡಿಸಿದರು ಎಂಬ ಒಂದೇ ವಾಕ್ಯವನ್ನು ಹಿಡಿದುಕೊಂಡು ವಿಚಾರಣೆ ನಡೆದರೆ ಅಮಾನತು ಆಗುವುದು ಅವರಿಗೆ, ಸಂಜೆ ನಾಲ್ಕರ ಫೋನಿಗಲ್ಲ. ಬರೆಯದೆ ಬಿಟ್ಟರೆ ಗಣೇಶ ಚತುರ್ಥಿಗೆ ಇನ್ನು ಒಂಬತ್ತೇ ದಿನ, ಮತ್ತೆ ಸ್ಪೆಷಲ್ ಗಾಡಿಗಳು, ಮತ್ತೆ ಅದೇ ಅಣ್ಣನೋ ಇನ್ನೊಬ್ಬರೋ. ಆ ವಾಕ್ಯವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೇನೆ, ಇಲ್ಲಿಯವರೆಗೆ ಕಾಗದದ ಮೇಲೆ ಬಂದಿರುವುದು ದಿನಾಂಕ ಮತ್ತು “ಮಾನ್ಯರೇ” ಎಂಬುದಷ್ಟೇ