ಆ ಹೊಲಿಗೆ ಹಾಕಿದ್ದು ನಾನೇ

ಪಶುವೈದ್ಯಕೀಯ ಓದಿ ಲ್ಯಾಬ್ ಸೇರಿದವನು ನಾನು. ಗಾಯ ಕಂಡರೆ ಕೈ ಸುಮ್ನಿರಲ್ಲ.

ಮೊದಲ ಸಲ ನನ್ನ ಪಾಲಿಗೆ ಆರು ಆಕ್ಸೊಲಾಟಲ್ ಮರಿ ಬಂದವು. ಕತ್ತರಿಸಿದ ಕೈಯನ್ನು ಮತ್ತೆ ಬೆಳೆಸಿಕೊಳ್ಳೋ, ನೀರಲ್ಲಿ ಬದುಕೋ ಸಲಮಾಂಡರ್ ಅದು; ಆ ಬೆಳವಣಿಗೆ ನೋಡೋದೇ ನಮ್ಮ ಕೆಲಸ. ಬೆಂಜೊಕೇನ್ ಅನ್ನೋ ಅರಿವಳಿಕೆಯಲ್ಲಿ ಮಲಗಿಸಿದೆ, ಕೈ ಕತ್ತರಿಸಿದೆ, ಹೊರಗೆ ಚಾಚಿದ ಮೂಳೆ ಟ್ರಿಮ್ ಮಾಡಿದೆ. ಪಕ್ಕದ ಬೆಂಚಿನವಳು ಸ್ಟಂಪ್‌ಗಳನ್ನು, ಅಂದರೆ ಉಳಿದ ಮೋಟುಕೈಗಳನ್ನು, ಹಾಗೇ ತೆರೆದು ಬಿಟ್ಟು ಮರಿಗಳನ್ನು ನೀರಿಗೆ ಇಳಿಸುತ್ತಿದ್ದಳು. ಎಂಥ ಒರಟು ಕೆಲಸ ಅಂದುಕೊಂಡೆ. ನಾನು ಚರ್ಮ ಎಳೆದು ಮೇಲೆ ತಂದು, ತಲಾ ಮೂರು ಗಂಟು ಹಾಕಿ ಹೊಲಿದೆ. ಫೋಟೊ ಬೇರೆ ತೆಗೆದುಕೊಂಡೆ.

12 ಡಿಪಿಎ, ಅಂದರೆ ಕತ್ತರಿಸಿ ಹನ್ನೆರಡು ದಿನ. ಸ್ಟೀರಿಯೊ ಮೈಕ್ರೊಸ್ಕೋಪ್ ಕೆಳಗೆ ಅವಳ ಮರಿಗಳ ತುದಿಯಲ್ಲಿ ಬ್ಲಾಸ್ಟೆಮಾ ಎದ್ದಿತ್ತು, ಮುಂದೆ ಹೊಸ ಕೈಯಾಗೋ ಕೋಶಗಳ ಗುಂಪು, ಮಸುಕು ಗಾಜಿನಂಥ ಪುಟ್ಟ ಮೊಗ್ಗು. ನನ್ನವು ನುಣ್ಣಗೆ, ಬೋಳು. ನರಕ್ಕೆ ಪೆಟ್ಟಾಗಿರಬೇಕು ಅನ್ನಿಸಿತು. ನರ ಇಲ್ಲದಿದ್ದರೆ ಸಲಮಾಂಡರ್ ಕೈ ಬೆಳೆಯಲ್ಲ ಅಂತ 1823ರಲ್ಲೇ ಟಾಡ್ ಅನ್ನೋ ವೈದ್ಯ ತೋರಿಸಿದ್ದಾನಲ್ವಾ? ನಾಲ್ಕು ದಿನ ನರದ ಸ್ಟೇನಿಂಗ್ ಮಾಡಿದೆ, ಅಂದರೆ ಬಣ್ಣ ಹಾಕಿ ನೋಡಿದೆ. ನರಗಳು ಗಟ್ಟಿಮುಟ್ಟಾಗಿದ್ದವು.

ಗ್ರೂಪ್ ಮೀಟಿಂಗ್‌ನಲ್ಲಿ ಮೇಡಂ ನನ್ನ ಸ್ಲೈಡ್ ನೋಡುತ್ತಾ ಕೇಳಿದರು, "ಈ ಕಪ್ಪು ಗೆರೆ ಏನು?"

"ದಾರ, ಮೇಡಂ."

ಯಾರೂ ಮಾತಾಡಲಿಲ್ಲ. ಪ್ರೊಜೆಕ್ಟರ್ ಫ್ಯಾನಿನ ಸದ್ದು ಮಾತ್ರ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು.

ಆಗಬೇಕಾದದ್ದು ಇಷ್ಟು. ಅಂಚಿನ ಎಪಿಡರ್ಮಿಸ್ (ಚರ್ಮದ ಹೊರಪದರ) ಕೋಶಗಳು ಒಂದು ದಿನದೊಳಗೆ ತಾವೇ ತೆವಳಿ ಬಂದು ಗಾಯ ಮುಚ್ಚುತ್ತವೆ. ಆ ಪದರದಡಿ ಡರ್ಮಿಸ್, ಅಂದರೆ ಚರ್ಮದ ಒಳಪದರ, ಇರಲ್ಲ. ಅದಕ್ಕೇ ನರದ ತುದಿಗಳು ನೇರ ಅದನ್ನು ಮುಟ್ಟುತ್ತವೆ, ಪದರ ದಪ್ಪಗಾಗುತ್ತದೆ. ಅಲ್ಲಿಂದ ಸಂಕೇತ ಬಂದಮೇಲೆ ಕೆಳಗಿನ ಫೈಬ್ರೊಬ್ಲಾಸ್ಟ್‌ಗಳು (ಅಂಗಾಂಶಗಳನ್ನು ಜೋಡಿಸಿಡೋ ಕೋಶಗಳು) ತಮ್ಮ ಹಳೇ ಕಸುಬು ಬಿಟ್ಟು, ಎಳೇ ಭ್ರೂಣದ ಕೋಶಗಳ ಥರ ಆಗಿ, ವಿಭಜನೆಗೆ ಇಳಿಯುತ್ತವೆ. ನಾನು ಡರ್ಮಿಸ್ ಸಮೇತ ಇಡೀ ಚರ್ಮ ಹೊದಿಸಿ ಈ ಮಾತುಕತೆಗೇ ಅಡ್ಡಗೋಡೆ ಕಟ್ಟಿದ್ದೆ.

ನಮ್ಮ ಪ್ರೊಟೊಕಾಲ್ ಫೈಲಿನಲ್ಲಿ ಟ್ಯಾಂಕ್ ನೀರು ಬದಲಿಸೋದಕ್ಕೆ ಎರಡು ಪುಟ ಇದೆ. "ಹೊಲಿಯಬೇಡಿ" ಅನ್ನೋ ಒಂದು ಪದ ಇಲ್ಲ. ಕೇಳಿದರೆ, "ಅದು ಎಲ್ಲರಿಗೂ ಗೊತ್ತಲ್ವಾ?" ಸರಿ, ಪಕ್ಕದ ಬೆಂಚಿನವಳನ್ನು ನಾನೂ ಕೇಳಬಹುದಿತ್ತು. ಕೇಳಲಿಲ್ಲ.

ಸ್ಟಂಪ್‌ಗಳನ್ನು ಮತ್ತೆ ಕತ್ತರಿಸಿ ತೆರೆದು ಬಿಟ್ಟೆ. ಎರಡು ವಾರದಲ್ಲಿ ಮೊಗ್ಗು, ಆಮೇಲೆ ಹುಟ್ಟುಗೋಲಿನಂಥ ಚಪ್ಪಟೆ ತುದಿ, ಆಮೇಲೆ ನಾಲ್ಕು ಬೆರಳು. ಇವು ಸ್ನಾಯುವಿಗೆ ಮಾತ್ರ ಜಿಎಫ್‌ಪಿ, ಅಂದರೆ ಹಸಿರಾಗಿ ಹೊಳೆಯೋ ಪ್ರೋಟೀನ್, ಹಾಕಿದ ಮರಿಗಳು. ಬ್ಲಾಸ್ಟೆಮಾದ ಕೋಶ ಏನು ಬೇಕಾದರೂ ಆಗಬಲ್ಲದು ಅನ್ನೋ ನಂಬಿಕೆ 2009ರಲ್ಲೇ ಬಿದ್ದುಹೋಗಿತ್ತು. ಆದರೂ ಕಣ್ಣಾರೆ ನೋಡೋದು ಬೇರೆ: ಹೊಸ ಕೈಯಲ್ಲಿ ಸ್ನಾಯು ಹಸಿರಾಗಿ ಹೊಳೆಯುತ್ತಿತ್ತು, ಮೃದ್ವಸ್ಥಿ ಕತ್ತಲೆ. ಸ್ನಾಯುವಿನಿಂದ ಸ್ನಾಯುವೇ ಹುಟ್ಟಿತ್ತು.

ನನ್ನ ಹೊಲಿಗೆಯ ಫೋಟೊ ಈಗಲೂ ಫ್ರಿಜ್ ಬಾಗಿಲ ಮೇಲಿದೆ. ಕೆಳಗೆ ಮಾರ್ಕರ್‌ನಲ್ಲಿ ಯಾರೋ ಬರೆದಿದ್ದಾರೆ: "ನಮ್ಮ ಟೈಲರ್".