ಗುಜರಿ ಡಬ್ಬದ ಬೇರಿಂಗು, ಭಾನುವಾರದ ಲ್ಯಾಬು

ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಎಂ.ಟೆಕ್ ಮಾಡ್ತಿದ್ದೀನಿ ಅಂದರೆ ಜನ ಕೇಳುವುದು ಎರಡೇ ಪ್ರಶ್ನೆ. ಅದಕ್ಕೆ ಬೆಲೆ ಇದೆಯಾ? ಲ್ಯಾಬ್ ಎಲ್ಲಿ ಮಾಡ್ತೀರ?

ಮೊದಲ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಸರಿಯಾದ ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಡಿಗ್ರಿ ಹಂಚಿದ ಕೆಲವು ಡೀಮ್ಡ್ ಯೂನಿವರ್ಸಿಟಿಗಳಿಗೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಚಾಟಿ ಬೀಸಿತು. ಪಾಪ, ಎಷ್ಟೋ ಜನರ ಡಿಗ್ರಿ ತೂಗುಯ್ಯಾಲೆಯಲ್ಲಿ ಕೂತಿತು. ಯುಜಿಸಿಯ 2020ರ ನಿಯಮದಲ್ಲೂ ಇಂಜಿನಿಯರಿಂಗ್ ಅನ್ನು ದೂರಶಿಕ್ಷಣದಿಂದ, ಪೂರ್ತಿ ಆನ್‌ಲೈನ್ ಕೋರ್ಸ್‌ಗಳಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ನಮ್ಮಂಥವರಿಗೆ ಉಳಿಯುವುದು ವರ್ಕ್ ಇಂಟಿಗ್ರೇಟೆಡ್ ಅನ್ನುವ ದಾರಿ. ಬಿಟ್ಸ್ ಪಿಲಾನಿ 1979ರಲ್ಲೇ ಶುರು ಮಾಡಿದ್ದು ಅದು. ನೀನು ಕೆಲಸ ಮಾಡುವ ಕಂಪನಿ ಒಪ್ಪಬೇಕು, ಅಲ್ಲಿನ ಹಿರಿಯರೊಬ್ಬರು ಮೆಂಟರ್ ಆಗಬೇಕು, ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಕೆಲಸದ ಜಾಗದಲ್ಲೇ ನಡೆಯಬೇಕು. ನಾನು ಸೇರಿದ್ದು ಇಂಥದ್ದೇ ಒಂದು ಕೋರ್ಸಿಗೆ. ಪೀಣ್ಯದ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ನನ್ನ ಕೆಲಸ.

ಮೊದಲ ಮೂರು ಸೆಮಿಸ್ಟರ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಶನಿವಾರ, ಭಾನುವಾರ ಕ್ಲಾಸು. ನೆಂಟರ ಮದುವೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಊಟದ ಪಂಕ್ತಿಯಲ್ಲಿ ಕೂತಿದ್ದೂ ಉಂಟು. ಮಜಾ ಶುರುವಾಗಿದ್ದು ಪ್ರಾಜೆಕ್ಟ್‌ನಲ್ಲಿ.

ವಿಷಯ ಇಷ್ಟು: ಮೋಟಾರಿನ ಅದುರುವಿಕೆ ಅಳೆದು ಬೇರಿಂಗ್ (ಶಾಫ್ಟ್ ಸಲೀಸಾಗಿ ತಿರುಗಲು ಹಾಕುವ, ಎರಡು ರಿಂಗ್‌ಗಳ ನಡುವೆ ಬಾಲ್‌ಗಳಿರುವ ಭಾಗ) ಕೆಟ್ಟಿದೆಯಾ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಅಂತ ಮಷಿನ್ ಲರ್ನಿಂಗ್‌ನಿಂದ ಹೇಳಿಸುವುದು. ಈ ವಿಷಯ ತೆಗೆದುಕೊಂಡವರೆಲ್ಲ ಮೊದಲು ಹೋಗಿ ನಿಲ್ಲುವುದು ಒಂದೇ ಕಡೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ಯೂನಿವರ್ಸಿಟಿಯವರು ಪುಕ್ಕಟೆಯಾಗಿ ಇಟ್ಟಿರುವ ಡೇಟಾ. ಎರಡು ಎಚ್‌ಪಿ ಮೋಟಾರು, 6205 ಅನ್ನುವ ಅಳತೆಯ ಬೇರಿಂಗು, ಅದರಲ್ಲಿ ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಇಡಿಎಂ ಹಾಕಿ ಬೇಕಂತಲೇ ಮಾಡಿದ ಸಣ್ಣ ಗುಳಿಗಳು. ಚಿಕ್ಕದು ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಏಳು ಭಾಗ. ಡೇಟಾ ಎಷ್ಟು ಅಚ್ಚುಕಟ್ಟಾಗಿದೆ ಅಂದರೆ ಯಾವ ಮಾಡೆಲ್ ಹಾಕಿದರೂ ಶೇ. 99 ಸರಿ ಉತ್ತರ ಬರುತ್ತೆ. ನನಗೂ ಬಂತು. ಅಲ್ಲಿಗೇ ರಿಪೋರ್ಟ್ ಬರೆದು ಬೈಂಡ್ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ.

ನನ್ನ ಮೆಂಟರ್, ಅಂದರೆ ನಮ್ಮ ಮೆಂಟೆನೆನ್ಸ್ ಹೆಡ್, ಗ್ರಾಫ್ ನೋಡಿ ನಕ್ಕರು. "ಚೆನ್ನಾಗಿದೆ ಮಾರಾಯ. ನಮ್ಮ ಬ್ಲೋವರ್ ಮೋಟಾರಿಗೆ ಇದನ್ನು ಹಾಕಿ ತೋರಿಸು, ಆಮೇಲೆ ಸೈನ್ ಮಾಡ್ತೀನಿ."

ಕೆಟ್ಟ ಬೇರಿಂಗ್ ಎಲ್ಲಿಂದ ತರುವುದು? ಕಾರ್ಖಾನೆಯಲ್ಲಿ ಬೇರಿಂಗ್ ಪೂರ್ತಿ ಕೆಡುವ ತನಕ ಯಾರೂ ಕಾಯುವುದಿಲ್ಲ, ಸ್ವಲ್ಪ ಸದ್ದು ಬಂದರೆ ಬಿಚ್ಚಿ ಹೊಸದು ಹಾಕುತ್ತಾರೆ. ಹಳೆಯದು ಗುಜರಿ ಡಬ್ಬಕ್ಕೆ. ಹಾಗಾಗಿ ಒಂದು ಭಾನುವಾರ ಪ್ರೊಡಕ್ಷನ್ ಇಲ್ಲದ ಹೊತ್ತು ನೋಡಿಕೊಂಡು, ಅದೇ ಡಬ್ಬ ಸುರುವಿ 6205 ಹುಡುಕುತ್ತ ಕೂತೆವು. ನಾವು ಅಂದರೆ ನಾನು ಮತ್ತು ಓಟಿಗೆ ಬಂದಿದ್ದ ನಮ್ಮ ಫಿಟ್ಟರ್ ಅಣ್ಣ. ನನಗಿಂತ ಎಷ್ಟೋ ದೊಡ್ಡವರು, ಆದರೂ ನನ್ನನ್ನು ಸರ್ ಅನ್ನುವುದು ಬಿಡುವುದಿಲ್ಲ.

ಅವರು ಒಂದೊಂದನ್ನೇ ಡೀಸೆಲ್‌ನಲ್ಲಿ ತೊಳೆದು, ಒಳಗಿನ ರಿಂಗ್ ಬೆರಳಿಗೆ ಸಿಕ್ಕಿಸಿಕೊಂಡು ಹೊರಗಿನದನ್ನು ನಿಧಾನಕ್ಕೆ ತಿರುಗಿಸಿ, ಅರ್ಧಕ್ಕರ್ಧ ಪಕ್ಕಕ್ಕೆ ಎಸೆದರು. "ಇವು ಓಡಿ ಕೆಟ್ಟಿದ್ದಲ್ಲ ಸರ್. ಎಳೆಯುವಾಗ ಕೆಟ್ಟಿದ್ದು."

ನನಗೆ ಅರ್ಥ ಆಗಲಿಲ್ಲ. ಅವರು ಎಸೆದದ್ದರಲ್ಲೇ ಒಂದನ್ನು ಎತ್ತಿಕೊಂಡು ಬಾಲ್‌ಗಳನ್ನು ಹಿಡಿದಿಡುವ ಕೇಜಿನ ರಿವೆಟ್‌ಗಳನ್ನು ಡ್ರಿಲ್‌ನಲ್ಲಿ ಹಾರಿಸಿ, ಒಂಬತ್ತೂ ಬಾಲ್‌ಗಳನ್ನು ಒಂದು ಕಡೆಗೆ ತಳ್ಳಿ ಒಳಗಿನ ರಿಂಗ್ ಹೊರಗೆ ತೆಗೆದರು. ಬಾಲ್ ಓಡುವ ದಾರಿಯ ಒಂದು ಅಂಚಿನಲ್ಲಿ ಸರಿಯಾಗಿ ಒಂದೇ ಅಂತರಕ್ಕೆ ಒಂಬತ್ತು ಸಣ್ಣ ತಗ್ಗು. ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಅನ್ನು ಹೊರಗಿನ ರಿಂಗ್‌ಗೆ ಹಾಕಿ ಎಳೆದರೆ ಆ ಜೋರೆಲ್ಲ ಬಾಲ್‌ಗಳ ಮೂಲಕವೇ ಹೋಗಬೇಕಲ್ಲ, ಪ್ರತಿ ಬಾಲ್ ಕೂತ ಜಾಗದಲ್ಲಿ ಒಂದು ಗುರುತು ಬೀಳುತ್ತೆ. ನಿಜವಾಗಿ ಓಡಿ ಸವೆದ ಇನ್ನೊಂದನ್ನೂ ಬಿಚ್ಚಿ ತೋರಿಸಿದರು. ಅದರಲ್ಲಿ ಭಾರ ಬೀಳುವ ಒಂದೇ ಕಡೆ ಹಳೆ ಗೋಡೆಯ ಸುಣ್ಣ ಉದುರಿದ ಹಾಗೆ ಚಕ್ಕೆ ಎದ್ದಿತ್ತು. ಎರಡರ ಫೋಟೋನೂ ತೆಗೆದುಕೊಂಡೆ.

ಆಮೇಲೆ ಉಳಿದವನ್ನು ಒಂದೊಂದಾಗಿ ಸ್ಪೇರ್ ಮೋಟಾರಿಗೆ ಹಾಕುವ ಕೆಲಸ. ಇಂಡಕ್ಷನ್ ಹೀಟರ್‌ನಲ್ಲಿ ಕಾಯಿಸಿ ಶಾಫ್ಟಿಗೆ ಕೂರಿಸು, ಆರಲಿ ಬಿಡು, ಓಡಿಸಿ ಅದುರುವಿಕೆ ಅಳೆ, ಬಿಚ್ಚು. ಈ ಸಲ ಪುಲ್ಲರ್ ಒಳಗಿನ ರಿಂಗ್‌ಗೇ. ಮಧ್ಯಾಹ್ನದ ಊಟ ಸಂಜೆ ಆಯ್ತು.

ಆಮೇಲೆ ಶೇ. 99ರ ಮಾಡೆಲ್‌ಗೆ ಈ ಡೇಟಾ ತಿನ್ನಿಸಿದೆ. ಬಾಕ್ಸಿಂದ ಆಗಷ್ಟೇ ತೆಗೆದು ಹಾಕಿದ ಹೊಸ ಬೇರಿಂಗ್‌ಗೂ ಔಟರ್ ರೇಸ್, ಅಂದರೆ ಹೊರಗಿನ ರಿಂಗ್‌ನಲ್ಲಿ ಬಾಲ್ ಓಡುವ ದಾರಿ, ಕೆಟ್ಟಿದೆ ಅಂತು! ಕಾರಣ ಹುಡುಕಲು ಹೋದರೆ ಅಲ್ಲಿದ್ದದ್ದು ಕರೆಂಟು. ಅಮೆರಿಕದಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತ), ಮೋಟಾರ್ ಲೋಡ್ ಇಲ್ಲದೆ ನಿಮಿಷಕ್ಕೆ 1797 ಸುತ್ತು. ನಮ್ಮಲ್ಲಿ 50 ಹರ್ಟ್ಸ್, ನನ್ನ ಮೋಟಾರ್ 1490ರ ಆಸುಪಾಸು. 6205ರಲ್ಲಿ ಔಟರ್ ರೇಸ್ ಕೆಟ್ಟಿದ್ದರೆ ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 3.58 ಸಲ ಕುಟ್ಟುತ್ತೆ. ಅಂದರೆ ಅಲ್ಲಿ ಸೆಕೆಂಡಿಗೆ 107 ಸಲ, ಇಲ್ಲಿ 89 ಸಲ. ಜೊತೆಗೆ ನಮ್ಮ ಮೋಟಾರುಗಳಲ್ಲಿ ಕರೆಂಟಿನ ಇಮ್ಮಡಿಗೆ, ಅಂದರೆ 100 ಹರ್ಟ್ಸ್‌ಗೆ, ಒಂದು ಗುಂಯ್ ಅನ್ನುವ ಕಂಪನ ಇರುತ್ತೆ. ಅಮೆರಿಕದ 107ರ ಪಕ್ಕದ ಮನೆಯಲ್ಲೇ ಇರುವ ಇದನ್ನೇ ಮಾಡೆಲ್ ದೋಷ ಅಂದುಕೊಂಡಿದೆ ಅಂತ ನನ್ನ ಅನುಮಾನ.

ಪರಿಹಾರ ನೋಡಿದರೆ ನಗು ಬರುತ್ತೆ, ಅಷ್ಟು ಸರಳ. ಹರ್ಟ್ಸ್ ಲೆಕ್ಕ ಬಿಟ್ಟು ಶಾಫ್ಟಿನ ಸುತ್ತಿನ ಲೆಕ್ಕದಲ್ಲಿ ಗ್ರಾಫ್ ಹಾಕುವುದು. ಆಗ ಕ್ಲೀವ್‌ಲ್ಯಾಂಡಿನ 3.58 ಪೀಣ್ಯದಲ್ಲೂ 3.58ರ ಹತ್ತಿರವೇ ಕೂರುತ್ತೆ. ನಮ್ಮ 100 ಹರ್ಟ್ಸ್ ನಾಲ್ಕರ ಹತ್ತಿರ ಬೇರೆಯಾಗಿ ನಿಲ್ಲುತ್ತೆ. ಮತ್ತೆ ಕಲಿಸಿ ಓಡಿಸಿದಾಗ ಬಂದ ಫಲಿತಾಂಶ ಶೇ. 99 ಏನಲ್ಲ, ಅದರ ಹತ್ತಿರವೂ ಅಲ್ಲ, ಆದರೆ ಹೊಸ ಬೇರಿಂಗನ್ನು ಹೊಸದು ಅಂತ ಹೇಳಿತು. ಮೆಂಟರ್ ಸೈನ್ ಹಾಕಿದರು.

ವೈವಾ ಮನೆಯಲ್ಲೇ, ಲ್ಯಾಪ್‌ಟಾಪ್ ಮುಂದೆ. ಮಾಡೆಲ್‌ಗೆ ಎಷ್ಟು ಲೇಯರ್, ಯಾಕೆ ಇಷ್ಟೇ, ಇಂಥದ್ದೆಲ್ಲ ಕೇಳ್ತಾರೆ ಅಂತ ಓದಿಕೊಂಡಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಅದ್ಯಾವುದನ್ನೂ ಮುಟ್ಟಲಿಲ್ಲ. "ಗುಜರಿಯಿಂದ ತಂದ ಬೇರಿಂಗ್ ಅಂತೀರಿ, ಬಿಚ್ಚುವಾಗಲೇ ಅದು ಹಾಳಾಗಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಎರಡು ಫೋಟೋ ಸ್ಕ್ರೀನಿನಲ್ಲಿ ಹಾಕಿ, ಒಂಬತ್ತು ತಗ್ಗು ತೋರಿಸಿ, ಎಸೆದದ್ದನ್ನು ಯಾಕೆ ಎಸೆದೆವು ಅಂತ ವಿವರಿಸಿದೆ. ಅವರು ಫೋಟೋ ದೊಡ್ಡದು ಮಾಡಿಸಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಪುಲ್ಲರ್ ಬಗ್ಗೆ, ಗ್ರೀಸ್ ಬಗ್ಗೆ.

ಸೋಮವಾರ ಫಿಟ್ಟರ್ ಅಣ್ಣನಿಗೆ ಹೇಳಿದೆ, ನಿಮ್ಮ ಪ್ರಶ್ನೆಯನ್ನೇ ಕೇಳಿದರು ಅಂತ. "ಅಷ್ಟೇನಾ ಕೇಳಿದ್ದು?" ಅಂದರು. ನಮ್ಮ ವಿಭಾಗದಲ್ಲಿ ಈಗ ಬಿಚ್ಚಿದ ಬೇರಿಂಗ್ ಮೇಲೆ ತಾರೀಖು, ಯಾವ ಮೋಟಾರು, ಯಾವ ರಿಂಗ್ ಹಿಡಿದು ಎಳೆದದ್ದು ಅಂತ ಪೇಂಟ್ ಮಾರ್ಕರ್‌ನಲ್ಲಿ ಬರೆದೇ ಡಬ್ಬಕ್ಕೆ ಹಾಕುತ್ತಾರೆ. ಸಂಬಳ ಮಾತ್ರ ಇದ್ದಲ್ಲೇ ಇದೆ.

ಅವರ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಅವನಿಗೂ ಕೆಲಸ ಮಾಡ್ಕೊಂಡು ನೇರ ಇಂಥದ್ದಕ್ಕೆ ಸೇರೋಕಾಗತ್ತಾ ಸರ್ ಅಂತ ಕೇಳಿದರು. ಆಗಲ್ಲ ಅಣ್ಣ, ಮೊದಲು ಬಿ.ಇ. ಬೇಕು, ಡಿಪ್ಲೊಮಾ ಆದವರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷಕ್ಕೆ ಸೀಟ್ ಸಿಗುತ್ತೆ ಅಂತ ಹೇಳಿ, ಅರ್ಜಿ ಯಾವಾಗ ಬಿಡ್ತಾರೆ ನೋಡೋಣ ಅಂತ ಅವರ ಮಗನ ನಂಬರ್ ಇಸಕೊಂಡೆ.